ನಲವತ್ಮೂರು ಹೆಬ್ಬೆಟ್ಟು, ಒಂದೇ ಕೈ

ಚನ್ನಗಿರಿಯಲ್ಲಿ ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ಸಣ್ಣ ಮಳಿಗೆ ಹಿಡಿದು ಹತ್ತೊಂಬತ್ತು ವರ್ಷದಿಂದ ಜನರ ಅರ್ಜಿ ಟೈಪ್ ಮಾಡುತ್ತಿರುವವಳು ನಾನು, ವನಜಾಕ್ಷಿ. ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬಷ್ಟನ್ನು ನನ್ನ ಬೆರಳುಗಳು ನಾನು ಹೇಳದೆಯೇ ಹೊಡೆಯುತ್ತವೆ. ಊರವರ ಪರವಾಗಿ ಇಷ್ಟು ವರ್ಷ ವಿನಂತಿಸಿಕೊಂಡು ನನಗಾದ ಲಾಭವೆಂದರೆ ಸಿಟ್ಟು ಬೆಳೆದದ್ದು. ಈಗ ಇಮಾಮ್‌ಸಾಬ್ ಎಂಬ ಜವಾನರೊಬ್ಬರ ವಿಷಯ ಬರೆಯುತ್ತಿದ್ದೇನೆ. ಇದರಲ್ಲಿ ಯಾರಿಗೂ ವಿನಂತಿ ಇಲ್ಲ.

ಅವರು ಕೆಲಸ ಮಾಡುತ್ತಿದ್ದದ್ದು ಸೂಳೆಕೆರೆ ದಂಡೆಯ ಒಂದು ಮೀನುಗಾರರ ಸಹಕಾರ ಸಂಘದಲ್ಲಿ. ಸಂಘದ ಹೆಸರನ್ನೂ ಊರಿನ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಮಾನ ಹೋಯಿತೆಂದು ನನ್ನ ಮೇಲೆ ಕೇಸು ಹಾಕುವವರಿದ್ದಾರೆ. ಇಲ್ಲದ ಮಾನ ಹೋಗುವುದು ಹೇಗೋ ನನಗೆ ತಿಳಿಯದು.

ಇಮಾಮ್‌ಸಾಬರು ಇಪ್ಪತ್ತೇಳು ವರ್ಷ ಅಲ್ಲಿ ಜವಾನರಾಗಿದ್ದರು. ಬೀಗ ತೆಗೆಯುವುದು, ಕಸ ಗುಡಿಸುವುದು, ಕುರ್ಚಿ ಹಾಕುವುದು ಎಲ್ಲ ಅವರದೇ. ಆದರೆ ಅವರ ಜೀವ ಇದ್ದದ್ದು ನೋಟಿಸಿನ ಪುಸ್ತಕದಲ್ಲಿ. ಸಂಘದ ಸಭೆ ಎಂದರೆ ಸದಸ್ಯರಿಗೆಲ್ಲ ಮೊದಲೇ ನೋಟಿಸು ಹೋಗಬೇಕು. ಹೋಗಿದೆ ಎನ್ನುವುದಕ್ಕೆ ಪುಸ್ತಕದಲ್ಲಿ ಅವರವರ ಹೆಸರಿನ ಮುಂದೆ ಸಹಿ ಅಥವಾ ಹೆಬ್ಬೆಟ್ಟು ಬೀಳಬೇಕು. ಇಮಾಮ್‌ಸಾಬರು ಏಳನೇ ಕ್ಲಾಸು ಓದಿದವರು, ಅಕ್ಷರ ದುಂಡಗೆ. ಪುಸ್ತಕಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೊಪೆಡ್ಡಿನ ಡಿಕ್ಕಿಯಲ್ಲಿಟ್ಟು, ಇಂಕಿನ ಪ್ಯಾಡನ್ನು ಜೇಬಿನಲ್ಲಿಟ್ಟು ಹೊರಡುತ್ತಿದ್ದರು. ಒಮ್ಮೆ ಯಾರೋ ತಪಾಸಣೆಯ ಅಧಿಕಾರಿ ಇಷ್ಟು ಚೊಕ್ಕ ಪುಸ್ತಕವನ್ನು ತಾನು ಬೇರೆಲ್ಲೂ ನೋಡಿಲ್ಲ ಎಂದಿದ್ದರಂತೆ. ಆ ಮಾತನ್ನು ಅವರು ನನಗೇ ನಾಲ್ಕು ಸಲ ಹೇಳಿದ್ದಾರೆ. ಅವರ ಹೆಂಡತಿ ಖಮರುನ್ನೀಸಾ ಇನ್ನೆಷ್ಟು ಸಲ ಕೇಳಿದ್ದಾರೋ.

ಆ ಚೊಕ್ಕ ಪುಸ್ತಕದಲ್ಲಿ ಒಂದು ಸುಳ್ಳಿತ್ತು. ಊರಿನಲ್ಲಿ ಕೆರೆ ಓಣಿ ಎಂದು ಒಂದು ಓಣಿ. ಅಲ್ಲಿ ಸಂಘದ ಸದಸ್ಯರಾದ ನಲವತ್ಮೂರು ಹೆಂಗಸರು, ಎಲ್ಲರೂ ಮೀನು ಮಾರುವವರು. ಬೆಳಿಗ್ಗೆ ದಡಕ್ಕೆ ಬಂದ ಮೀನಿನಲ್ಲಿ ಮೊದಲ ಪಾಲು ಸದಸ್ಯ ಹೆಂಗಸರಿಗೆ ಎಂಬುದು ಸಂಘದಲ್ಲಿ ಹಿಂದಿನಿಂದ ಬಂದ ಕಟ್ಟಳೆ. ಅದನ್ನು ಬುಟ್ಟಿಗೆ ತುಂಬಿಕೊಂಡು ಮೊದಲ ಬಸ್ಸಿಗೆ ನಲ್ಲೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಹರಡಿಕೊಳ್ಳುತ್ತಾರೆ. ಇಮಾಮ್‌ಸಾಬರು ಹತ್ತು ಗಂಟೆಗೆ ಹೋದರೆ ಓಣಿಗೆ ಓಣಿಯೇ ಬೀಗ. ಇರುತ್ತಿದ್ದವಳು ಕೆಂಪಕ್ಕ ಒಬ್ಬಳೇ. ಮಂಡಿ ನೋವಿನಿಂದಾಗಿ ಸಂತೆ ಬಿಟ್ಟು, ಜಗುಲಿಯ ಮೇಲೆ ಕೂತು ಬಲೆ ಹೆಣೆಯುವವಳು.

ಇಮಾಮ್‌ಸಾಬರು ಅವಳಿಗೆ ನೋಟಿಸು ಓದಿ ಹೇಳಿ, ನಲವತ್ಮೂರು ಹೆಸರಿನ ಮುಂದೆಯೂ ಅವಳದೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದರು. ಸಂಜೆ ಹೆಂಗಸರು ಬಂದಾಗ ಕೆಂಪಕ್ಕ ಜಗುಲಿಯಿಂದಲೇ ಕೂಗಿ ಹೇಳುತ್ತಿದ್ದಳು. ಅವಳ ಗಂಟಲು ಗೊತ್ತಿದ್ದವರಿಗೆ ಅನುಮಾನ ಬೇಡ, ಓಣಿಯ ಕೊನೆಯ ಮನೆಗೂ ಮುಟ್ಟುತ್ತಿತ್ತು. ಮಹಾಸಭೆಯ ದಿನ ನಲವತ್ಮೂರರಲ್ಲಿ ನಲವತ್ತು ಜನ ಹಾಜರು. ಇಪ್ಪತ್ತು ವರ್ಷ ಹೀಗೆ ನಡೆಯಿತು. ಪುಸ್ತಕ ಸುಳ್ಳು ಹೇಳುತ್ತಿತ್ತು, ಸುದ್ದಿ ಮಾತ್ರ ಸರಿಯಾಗಿ ತಲುಪುತ್ತಿತ್ತು. ನಮ್ಮ ಎಷ್ಟೋ ಕಚೇರಿಗಳಲ್ಲಿ ಇದು ತಿರುಗುಮುರುಗು ಇರುವುದರಿಂದ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ತೊಂದರೆ ಶುರುವಾದದ್ದು ಹೆಂಗಸರು ಸಭೆಗೆ ಬಂದು ಸುಮ್ಮನೆ ಕೂರದೇ ಇದ್ದದ್ದರಿಂದ. ನಾಲ್ಕು ವರ್ಷದ ಹಿಂದಿನ ಮಹಾಸಭೆಯಲ್ಲಿ ಅಧ್ಯಕ್ಷ ನಿಂಗರಾಜ್ ಒಂದು ವಿಷಯ ತಂದ. ಅವನಿಗೆ ಬಹುವಚನ ಹಾಕಲು ನನಗೆ ಮನಸ್ಸಿಲ್ಲ. ಮೀನನ್ನೆಲ್ಲ ಹೊರಗಿನ ಒಬ್ಬ ಗುತ್ತಿಗೆದಾರನಿಗೆ ಕೊಟ್ಟುಬಿಡೋಣ, ಹೆಂಗಸರು ಬೇಕಾದರೆ ಅವನ ಹತ್ತಿರ ಕೊಳ್ಳಲಿ ಎಂಬುದು ಅವನ ವಿಷಯ. ಅಂದರೆ ದಡದ ಮೊದಲ ಪಾಲು ಹೋಯಿತು. ಕೆಂಪಕ್ಕ ಎದ್ದು, ಕೆರೆ ನಿನ್ನ ಮಾವನ ಮನೆಯಿಂದ ಬಂತೇನಪ್ಪ ಎಂದು ಕೇಳಿದಳಂತೆ. ಮತಕ್ಕೆ ಹಾಕಿದಾಗ ನಿಂಗರಾಜ್ ಸೋತ. ನಕ್ಕುಕೊಂಡೇ ಸೋತ ಎಂದು ನೋಡಿದವರು ಹೇಳುತ್ತಾರೆ. ಅವತ್ತೇ ಎಚ್ಚರವಾಗಬೇಕಿತ್ತು.

ಮರುವರ್ಷ ಸಂಘಕ್ಕೆ ಪ್ರವೀಣ್ ಕುಮಾರ್ ಎಂಬ ಹೊಸ ಕಾರ್ಯದರ್ಶಿ ಬಂದ. ಬಂದವನೇ ಸದಸ್ಯರ ವಾಟ್ಸಾಪ್ ಗುಂಪು ಮಾಡಿದ. ಮಹಾಸಭೆ ಹತ್ತಿರ ಬಂದಾಗ ಇಮಾಮ್‌ಸಾಬರ ಕೈಗೆ ನೋಟಿಸಿನ ಹಾಳೆಗಳಿಲ್ಲದೆ ಬರೀ ಪುಸ್ತಕ ಕೊಟ್ಟ.

“ನೋಟಿಸು ಗ್ರೂಪಿಗೆ ಹಾಕೇವಿ ಸಾಬ್ರೆ. ನೀವು ಪುಸ್ತಕಕ್ಕೆ ಹೆಬ್ಬೆಟ್ಟು ಹಾಕಿಸ್ಕಂಡು ಬರ್ರಿ, ಸಾಕು” ಎಂದ.

ಇಮಾಮ್‌ಸಾಬರದು ಗುಂಡಿ ಒತ್ತುವ ಹಳೆಯ ಫೋನು. ಗುಂಪಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಲು ಅವರಿಂದಾಗದು. ಕಾರ್ಯದರ್ಶಿ ಹೇಳಿದ್ದಾನೆ, ಕಾಲ ಬದಲಾಗಿದೆ ಎಂದುಕೊಂಡು ಎಂದಿನಂತೆ ಕೆಂಪಕ್ಕನ ಜಗುಲಿಗೆ ಹೋದರು. ಏನು ಸಭೆ, ಯಾವಾಗ ಎಂದು ಅವಳು ಕೇಳಿದ್ದಕ್ಕೆ, ಎಲ್ಲಾ ಫೋನಿಗೆ ಬಂದಿದೆಯಂತೆ, ಓಣಿಯ ಹೆಣ್ಣುಮಕ್ಕಳೇ ನಿನಗೆ ಹೇಳುತ್ತಾರೆ ಎಂದರು. ಕೆಂಪಕ್ಕ ಒತ್ತಿದಳು. ಹೆಂಗಸರು, ಸಭೆ ಇದ್ದರೆ ಕೆಂಪಕ್ಕ ಕೂಗುತ್ತಿದ್ದಳಲ್ಲ ಎಂದುಕೊಂಡರು. ಕೆಂಪಕ್ಕ, ಇದ್ದಿದ್ದರೆ ಇವರು ಹೇಳುತ್ತಿದ್ದರಲ್ಲ ಎಂದುಕೊಂಡಳು. ಒಬ್ಬರನ್ನೊಬ್ಬರು ಇಷ್ಟು ನಂಬಿದ್ದಕ್ಕೆ ಮೂರು ವರ್ಷದ ಮೂರು ಮಹಾಸಭೆಗಳು ಅವರಿಲ್ಲದೆ ನಡೆದುಹೋದವು. ಆ ಗುಂಪಿನಲ್ಲಿ ಕೆರೆ ಓಣಿಯ ಒಂದೇ ಒಂದು ನಂಬರು ಇರಲಿಲ್ಲ.

ಕಳೆದ ವರ್ಷ ಆಡಳಿತ ಮಂಡಳಿಗೆ ಚುನಾವಣೆ ಬಂತು. ಸಂಘದ ಗೋಡೆಗೆ ಮತದಾರರ ಪಟ್ಟಿ ಅಂಟಿಸಿದರು. ಸತತ ಮೂರು ಮಹಾಸಭೆಗೆ ಬಾರದವರಿಗೆ ಮತವಿಲ್ಲ ಎಂದು ಸಂಘದ ಬೈಲಾದಲ್ಲಿದೆ. ಆ ಪ್ರಕಾರ ಅನರ್ಹರು ಎಂದು ಬೇರೆ ಹಾಳೆ. ಅದರಲ್ಲಿ ನಲವತ್ಮೂರು ಹೆಸರು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ, ಇಡೀ ಕೆರೆ ಓಣಿ. ಅವರಿಲ್ಲದೆ ಚುನಾವಣೆ ನಡೆದರೆ ನಿಂಗರಾಜ್ ಮತ್ತೆ ಬರುತ್ತಾನೆ, ಗುತ್ತಿಗೆದಾರ ಅವನ ಹಿಂದೆಯೇ ಬರುತ್ತಾನೆ. ಅಷ್ಟು ಸರಳ.

ಹೆಂಗಸರು ಮೊದಲು ಹೋದದ್ದು ಇಮಾಮ್‌ಸಾಬರ ಮನೆಗೆ. ಬಾಯಿಗೆ ಬಂದಂತೆ ಬೈದರಂತೆ. ಖಮರುನ್ನೀಸಾ ಒಲೆ ಮೇಲಿಟ್ಟ ಚಹಾ ಇಳಿಸಿ, ಇವರ ಮುಂದೆ ಯಾವ ಮುಖ ಇಟ್ಟುಕೊಂಡು ಲೋಟ ಹಿಡಿಯಲಿ ಎಂದು ಗಂಡನನ್ನು ಕೇಳಿದರು. ಆಮೇಲೆ ಹೆಂಗಸರು ಎರಡು ಆಟೋ ಮಾಡಿಕೊಂಡು ನನ್ನ ಮಳಿಗೆಗೆ ಬಂದರು. ಸಹಕಾರ ಇಲಾಖೆಗೆ ತಕರಾರು ಅರ್ಜಿ ಟೈಪ್ ಮಾಡಿದೆ. ಅದಕ್ಕೆ ಲಗತ್ತಿಸಲು ಪುಸ್ತಕದ ನಕಲು ಕೇಳಿದೆವು. ಪ್ರವೀಣ್ ಕುಮಾರ್ ಧಾರಾಳವಾಗಿ ಕೊಟ್ಟ. ತನ್ನ ಪಕ್ಷದ ಸಾಕ್ಷಿಯೇ ಅದು ಎಂಬ ಧೈರ್ಯ.

ಆ ನಕಲು ನೋಡಿದ ದಿನ ನನ್ನ ಮೈ ಉರಿದದ್ದು ಇನ್ನೂ ಆರಿಲ್ಲ. ಕೆಂಪಕ್ಕನ ಬಲಗೈ ಹೆಬ್ಬೆರಳಿಗೆ ಮೀನು ಕೊಯ್ಯುವಾಗ ಈಳಿಗೆ ತಾಗಿ ಓರೆಯಾಗಿ ಒಂದು ಕಲೆ ಇದೆ. ಪುಟದ ಮೇಲಿಂದ ಕೆಳಗಿನವರೆಗೆ ನಲವತ್ಮೂರು ಹೆಬ್ಬೆಟ್ಟು, ನಲವತ್ಮೂರರಲ್ಲೂ ಅದೇ ಓರೆ ಗೆರೆ. ಆ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಸಹಿ ಹಾಕುತ್ತಾರೆ, ಒಬ್ಬಳು ಪಿಯುಸಿ ಪಾಸಾದವಳು. ಅವಳ ಹೆಸರಿನ ಮುಂದೆಯೂ ಹೆಬ್ಬೆಟ್ಟು. ಇದನ್ನು ಕಾರ್ಯದರ್ಶಿ ನೋಡಿದ್ದಾನೆ, ಅಧ್ಯಕ್ಷ ಮುದ್ರೆ ಹಾಕಿದ್ದಾನೆ, ವರ್ಷ ವರ್ಷ ತಪಾಸಣೆಯವರು ಹಸಿರು ಶಾಯಿಯಲ್ಲಿ ‘ಪರಿಶೀಲಿಸಿದೆ’ ಎಂದು ಬರೆದಿದ್ದಾರೆ. ಏನನ್ನು ಪರಿಶೀಲಿಸಿದರೋ. ಬಡವರ ಹೆಸರಿನ ಮುಂದೆ ಯಾವುದೋ ಮಸಿ ಬಿದ್ದಿದ್ದರೆ ಇವರಿಗೆ ಸಾಕು.

ಆದರೆ ಆ ಗೆರೆಯಿಂದಲೇ ಗೆಲ್ಲುವಂತಿರಲಿಲ್ಲ. ನಿಂಗರಾಜ್ ಆಗಲೇ ತನ್ನ ಉತ್ತರ ಊರಲ್ಲಿ ಹರಿಯಬಿಟ್ಟಿದ್ದ. ಓಣಿಯವರೆಲ್ಲರ ಪರವಾಗಿ ನೋಟಿಸು ತೆಗೆದುಕೊಂಡವಳು ಕೆಂಪಕ್ಕ. ಅವಳು ಹೇಳದೆ ಬಚ್ಚಿಟ್ಟುಕೊಂಡರೆ ಸಂಘವೇನು ಮಾಡಬೇಕು. ಅಷ್ಟೇ ಅಲ್ಲ, ಬೇರೆಯವರ ಹೆಸರಿಗೆ ಹೆಬ್ಬೆಟ್ಟು ಹಾಕಿದ್ದಕ್ಕೆ ಅವಳ ಮೇಲೇ ಪೊಲೀಸು ಕಂಪ್ಲೇಂಟು ಕೊಡಬಹುದು. ಹೆಂಗಸರ ಮತವೂ ಹೋಗಿ ಕೆಂಪಕ್ಕನೇ ಕಳ್ಳಿಯಾಗುವ ದಾರಿ ಅದು. ಪುಸ್ತಕದ ಜೊತೆ ನೋಟಿಸು ಬಂದಿರಲೇ ಇಲ್ಲ ಎಂದು ಹೇಳಬಲ್ಲವರು ಒಬ್ಬರೇ ಒಬ್ಬರು, ಇಮಾಮ್‌ಸಾಬರು.

ಅವರಿಗೆ ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ನಿಂಗರಾಜ್ ಅವರನ್ನು ಕರೆಸಿ ಕುರ್ಚಿ ಕೊಟ್ಟು ಕೂರಿಸಿದನಂತೆ. ಇಷ್ಟು ವರ್ಷ ನಿಲ್ಲಿಸಿ ಮಾತಾಡಿಸಿದವನು. ವಿಚಾರಣೆಯಲ್ಲಿ ಸುಮ್ಮನಿದ್ದರೆ ಸಾಕು, ನಿವೃತ್ತಿಯ ಇಡುಗಂಟು ಒಂದೇ ದಿನದಲ್ಲಿ ಕೈಗೆ ಬರುತ್ತದೆ, ಶಾಲು ಹೊದಿಸಿ ಸನ್ಮಾನವನ್ನೂ ಮಾಡುತ್ತೇವೆ ಎಂದನಂತೆ. ಬಾಯಿ ಬಿಟ್ಟರೆ ಸುಳ್ಳು ದಾಖಲೆ ಮಾಡಿದ ಜವಾನ ಎಂದು ಬರಿಗೈಲಿ ಹೊರಗೆ.

ಮರುದಿನ ಇಮಾಮ್‌ಸಾಬರು ನನ್ನ ಮಳಿಗೆಗೆ ಬಂದು ಕೂತರು. ಪುಸ್ತಕ ಸುಳ್ಳು ಎನ್ನದೆಯೇ ಹೆಂಗಸರನ್ನು ಗೆಲ್ಲಿಸುವ ಕಾನೂನು ಏನಾದರೂ ಇದೆಯೇ ಎಂದು ಕೇಳಿದರು. ನನಗೆ ರೇಗಿತು. ಅವರ ಚೊಕ್ಕ ಪುಸ್ತಕಕ್ಕಾಗಿ ನಲವತ್ಮೂರು ಮನೆಯ ಅನ್ನ ಹೋಗಬೇಕೇ ಎಂದೆ. ಇನ್ನೂ ಏನೇನೋ ಅಂದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

“ಪುಸ್ತಕದ ಮಾತು ಬಿಡ್ರಿ ಮೇಡಮ್ಮಾರೆ. ನಾನು ಅದನ್ನ ಕೆಂಪಕ್ಕನ ಮುಂದೆ ಹಿಡಿದಾಗ ಅವಳು ಕೇಳಿದ್ಲು, ಏನು ಸಭೆ ಅಂತ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಾಕೆ ನಾಚಿಕೆ ಆತು, ಹಂಗಾಗಿ ಸುಳ್ಳು ಹೇಳಿದೆ. ಅದನ್ನ ಹೆಂಗೆ ಬರೀತೀರಿ, ಬರೀರಿ” ಎಂದರು.

ಬರೆದೆ. ಸಹಿ ಹಾಕುವ ಮೊದಲು ಮೂರು ಸಲ ಓದಿದರು. ಕೆಂಪಕ್ಕನ ಬೆರಳನ್ನು ತಾನೇ ಹಿಡಿದು ಒತ್ತಿಸಿದ್ದು ಎಂಬ ಸಾಲನ್ನು ಸೇರಿಸಲು ಹೇಳಿದರು. ಅದು ನಿಜವೇ ಎಂದು ಕೇಳಿದೆ. ಅವಳಿಗೆ ಅಷ್ಟು ಸಣ್ಣ ಸಾಲು ಕಾಣುವುದಿಲ್ಲ, ಹಿಡಿಯದಿದ್ದರೆ ಪುಟವೆಲ್ಲ ಮಸಿಯಾಗುತ್ತಿತ್ತು ಎಂದರು.

ವಿಚಾರಣೆಯ ದಿನ ಹೆಂಗಸರೆಲ್ಲ ವ್ಯಾಪಾರ ಬಿಟ್ಟು ಸಹಕಾರ ಇಲಾಖೆಯ ಕಚೇರಿಗೆ ಬಂದಿದ್ದರು. ಒಳಗೆ ಬಿಟ್ಟದ್ದು ಕೆಂಪಕ್ಕ, ಪಿಯುಸಿಯವಳು ಮತ್ತು ಅರ್ಜಿ ಬರೆದವಳೆಂದು ನನ್ನನ್ನು ಮಾತ್ರ. ಉಳಿದವರನ್ನು ಗುಮಾಸ್ತನೊಬ್ಬ ಹೊರಗಿನ ಕಾರಿಡಾರಿನಲ್ಲೂ ನಿಲ್ಲಗೊಡದೆ ಕಾಂಪೌಂಡಿಗೆ ಕಳಿಸಿದ. ಮೀನಿನ ವಾಸನೆ ಎಂದ. ತಲೆಗೆ ಎಣ್ಣೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದ ಹೆಂಗಸರು. ಅವನ ಮನೆಯಲ್ಲಿ ಭಾನುವಾರ ಏನು ಬೇಯುತ್ತದೆ ಎಂದು ಕೇಳಬೇಕೆಂದಿದ್ದೆ, ಒಳಗಿಂದ ಕರೆ ಬಂತು.

ಅಧಿಕಾರಿ ಕೆಟ್ಟವರಲ್ಲ, ದಣಿದವರು. ಪ್ರವೀಣ್ ಕುಮಾರ್ ಪುಸ್ತಕ ತೆರೆದಿಟ್ಟು, ಎಲ್ಲರಿಗೂ ನೋಟಿಸು ಮುಟ್ಟಿದೆ ಎಂದು ಗಿಣಿಪಾಠ ಒಪ್ಪಿಸಿದ. ಇಮಾಮ್‌ಸಾಬರು ಎದ್ದು ನಿಂತು, ಮೂರು ವರ್ಷ ತನ್ನ ಕೈಗೆ ನೋಟಿಸಿನ ಹಾಳೆಯೇ ಬರಲಿಲ್ಲ, ಈ ಹೆಬ್ಬೆಟ್ಟುಗಳೆಲ್ಲ ಒಬ್ಬಳದು, ಇಪ್ಪತ್ತು ವರ್ಷದಿಂದ ಹೀಗೆ ಒತ್ತಿಸುತ್ತ ಬಂದವನು ತಾನು ಎಂದು ಹೇಳಿದರು. ಹೇಳುವುದನ್ನು ಪೂರ್ತಿ ಹೇಳಿದರು. ನಿಂಗರಾಜ್ ಕೂತಲ್ಲೇ ನಕ್ಕು, ಇಪ್ಪತ್ತು ವರ್ಷ ಸುಳ್ಳು ಬರೆದೆ ಎನ್ನುವವನ ಇವತ್ತಿನ ಮಾತನ್ನು ನಂಬುವುದು ಹೇಗೆ ಸಾರ್ ಎಂದ. ಅಧಿಕಾರಿಯೂ ಅದೇ ಪ್ರಶ್ನೆಯನ್ನು ಇಮಾಮ್‌ಸಾಬರಿಗೆ ಕೇಳಿದರು. ಅರ್ಜಿ ಬರೆಯುವಾಗ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಇಮಾಮ್‌ಸಾಬರು ಟೋಪಿ ಸರಿ ಮಾಡಿಕೊಂಡರು.

“ನನ್ನ ಮಾತು ನಂಬಬ್ಯಾಡ್ರಿ ಸಾರ್. ಆ ಪುಸ್ತಕನೂ ನಂಬಬ್ಯಾಡ್ರಿ, ಅದೂ ನಾನೇ ಬರೆದಿದ್ದು. ಎರಡ್ನೂ ಆಕಡಿಗೆ ಇಡ್ರಿ. ಹೆಣ್ಮಕ್ಕಳು ಹೊರಗೆ ನಿಂತಾರೆ. ಮೂರು ವರ್ಷದಾಗೆ ಯಾರೂ ಅವರ್ನ ಒಂದು ಮಾತು ಕೇಳಿಲ್ಲ. ಕರೆದು ಕೇಳ್ರಿ.”

ಅಧಿಕಾರಿ ಕರೆಯಲು ಹೇಳಿದರು. ವಾಸನೆ ಎಂದಿದ್ದ ಗುಮಾಸ್ತನೇ ಹೋಗಿ ಒಬ್ಬೊಬ್ಬರನ್ನಾಗಿ ಕರೆತಂದ. ಅಧಿಕಾರಿ ಪ್ರತಿಯೊಬ್ಬಳನ್ನೂ ನೋಟಿಸು ಬಂದಿತ್ತೇ, ವಾಟ್ಸಾಪ್ ಗುಂಪಿನಲ್ಲಿ ಇದ್ದೀಯಾ ಎಂದು ಕೇಳಿ, ಸಹಿಯೋ ಹೆಬ್ಬೆಟ್ಟೋ ತೆಗೆದುಕೊಂಡು ಪುಸ್ತಕದ ಪಕ್ಕ ಇಟ್ಟು ನೋಡಿದರು. ಹನ್ನೊಂದನೆಯವಳ ಹೊತ್ತಿಗೆ ಸಾಕು ಎಂದರು. ಆದರೆ ಹೊರಗಿದ್ದವರು ಬಿಡಲಿಲ್ಲ, ತಮ್ಮನ್ನೂ ಕೇಳಬೇಕೆಂದು ಹಟ ಹಿಡಿದು ಕೊನೆಯವಳವರೆಗೂ ಒಳಗೆ ಬಂದರು. ಮಧ್ಯಾಹ್ನ ಮೂರಾಯಿತು. ನಿಂಗರಾಜ್ ಎರಡು ಸಲ ಗಡಿಯಾರ ನೋಡಿದ.

ಆದೇಶ ಬಂತು. ನೋಟಿಸು ಮುಟ್ಟಿದ್ದಕ್ಕೆ ಪುರಾವೆ ಇಲ್ಲ, ಹಾಗಾಗಿ ನಲವತ್ಮೂರು ಮಂದಿಗೂ ಮತದ ಹಕ್ಕು ಇದೆ. ಹೆಂಗಸರು ಕುಣಿದಾಡಿದರು. ನಾನು ಎರಡನೇ ಪುಟ ಓದಿದೆ. ಸುಳ್ಳು ದಾಖಲೆ ಸೃಷ್ಟಿಸಿದ ಸಿಬ್ಬಂದಿಯ ಮೇಲೆ ಸಂಘವೇ ಸೂಕ್ತ ಕ್ರಮ ಜರುಗಿಸತಕ್ಕದ್ದು ಎಂದಿತ್ತು. ಸಂಘ ಎಂದರೆ ಯಾರು? ನಿಂಗರಾಜ್. ಸಿಬ್ಬಂದಿ ಎಂದರೆ ಯಾರು? ಬರೀ ಪುಸ್ತಕ ಕೊಟ್ಟು ಕಳಿಸಿದ ಪ್ರವೀಣ್ ಕುಮಾರನೋ? ಅಲ್ಲವೇ ಅಲ್ಲ. ಅವನ ವಿಷಯದಲ್ಲಿ ‘ವಿವರಣೆ ಪಡೆಯತಕ್ಕದ್ದು’ ಅಷ್ಟೇ. ಅವನು ವಿವರಣೆ ಕೊಟ್ಟ, ಅವರು ಪಡೆದರು, ಮುಗಿಯಿತು. ಮುದ್ರೆ ಹಾಕಿದವನು ಚುನಾವಣೆಯವರೆಗೆ ಅಧ್ಯಕ್ಷನಾಗಿಯೇ ಉಳಿದ, ಹಸಿರು ಶಾಯಿಯವರಿಗೆ ಬಡ್ತಿ ಬಂತೆಂದು ಕೇಳಿದೆ. ನಿಜ ಹೇಳಿದವರೊಬ್ಬರೇ ತಪ್ಪಿತಸ್ಥರಾಗಿ ಉಳಿದರು. ನಾಳೆಯಿಂದ ಬರಬೇಡಿ ಎಂದು ಇಮಾಮ್‌ಸಾಬರಿಗೆ ಬಾಯಿಮಾತಿನಲ್ಲಿ ಹೇಳಿ ಬೀಗದ ಕೈ ಕಿತ್ತುಕೊಂಡರು. ಲಿಖಿತ ಆದೇಶ ಕೇಳಿದರೆ ಕೊಡುತ್ತೇವೆ, ಕೊಡುತ್ತೇವೆ ಎಂದು ನಾಲ್ಕು ವಾರ ತಳ್ಳಿದರು. ಊರಿನಲ್ಲಿ ನೋಟಿಸು ತಲುಪಿಸುತ್ತಿದ್ದವರು ಅವರೇ, ಅವರನ್ನೇ ಕೆಲಸದಿಂದ ತೆಗೆದ ಮೇಲೆ ತಲುಪಿಸುವವರೂ ಇರಲಿಲ್ಲ.

ಚುನಾವಣೆಗೆ ನಾಲ್ಕು ದಿನ ಉಳಿದಿದ್ದ ಭಾನುವಾರ ಕೆಂಪಕ್ಕ ನನ್ನನ್ನು ಊಟಕ್ಕೆ ಕರೆದಿದ್ದಳು. ಆ ಹೊತ್ತಿಗೇ ನಿಂಗರಾಜ್ ಕೈಮುಗಿದುಕೊಂಡು ಕೆರೆ ಓಣಿಗೆ ವೋಟು ಕೇಳಲು ಬಂದ. ಯಾರೂ ಬೈಯಲಿಲ್ಲ. ಇಮಾಮ್‌ಸಾಬರ ಆರ್ಡರು ಎಲ್ಲಿ ಎಂದಷ್ಟೇ ಪ್ರತಿ ಮನೆಯ ಬಾಗಿಲಲ್ಲೂ ಕೇಳಿದರು. ಏಳೆಂಟು ಮನೆಯಾಗುವಷ್ಟರಲ್ಲಿ ಅವನಿಗೆ ಸಾಕಾಯಿತು. ಜೇಬಿನಿಂದ ಮಡಿಸಿದ ಕಾಗದ ತೆಗೆದು, ಇಗೋ ಈಗಲೇ ಕೊಡುತ್ತೇನೆ ಎಂದು ಹೊರಟ. ಇಷ್ಟು ದಿನ ಜೇಬಿನಲ್ಲೇ ಇತ್ತು. ಓಣಿಯ ಹೆಂಗಸರು ಹಿಂದೆಯೇ ಹೊರಟರು, ಕೆಂಪಕ್ಕನ ಕೈ ಹಿಡಿದುಕೊಂಡು ನಾನೂ ಹೋದೆ.

ಇಮಾಮ್‌ಸಾಬರ ಮನೆ ಮಸೀದಿಯ ಹಿಂದೆ. ಅವರು ಬಾಗಿಲಲ್ಲಿ ನಿಂತೇ ಕಾಗದ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದರು. ತನ್ನನ್ನು ವಜಾ ಮಾಡಿರುವ ಸಾಲನ್ನೂ ನಡುವೆ ನಿಲ್ಲಿಸದೆ ಓದಿದರು. ಖಮರುನ್ನೀಸಾ ಒಳಗೆ ಬಿಕ್ಕಿದ್ದು ಕೇಳಿಸಿತು. ತಳದಲ್ಲಿ ಸಣ್ಣ ಅಕ್ಷರದಲ್ಲಿದ್ದದ್ದನ್ನೂ ಬಿಡಲಿಲ್ಲ: ಈ ಆದೇಶ ತಲುಪಿದ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.

ನಿಂಗರಾಜ್ ಪೆನ್ನು ಕೊಟ್ಟು, ಆದೇಶ ಆಗಿದ್ದು ಹೋದ ತಿಂಗಳು ಮೂರಕ್ಕೆ, ತಲುಪಿದ್ದಕ್ಕೂ ಅದೇ ತಾರೀಖು ಹಾಕಿಬಿಡಿ ಎಂದು ಮೆಲ್ಲಗೆ ಹೇಳಿದ. ಹಾಕಿದ್ದರೆ ಮೇಲ್ಮನವಿಗೆ ಎರಡು ದಿನ ಉಳಿಯುತ್ತಿತ್ತು. ಎದುರಿಗೆ ನಾನು ನಿಂತಿದ್ದೇನೆ, ಓಣಿಗೆ ಓಣಿಯೇ ನಿಂತಿದೆ, ಆದರೂ ಅವನಿಗೆ ಹಾಗೆ ಕೇಳಲು ಬಾಯಿ ಬಂತು.

“ಇವತ್ತು ತಂದು ಕೊಟ್ಟೀರಿ, ಇವತ್ತಿಂದೇ ಹಾಕ್ತೀನಿ” ಎಂದರು ಇಮಾಮ್‌ಸಾಬರು. ದುಂಡಗಿನ ಅಕ್ಷರದಲ್ಲಿ ತಾರೀಖು, ಹೊತ್ತು, ತನ್ನ ಪೂರ್ತಿ ಹೆಸರು ಬರೆದರು. ಕೆಳಗೆ ‘ತಲುಪಿಸಿದವರು’ ಎಂದು ಬರೆದು ಕಾಗದವನ್ನೂ ಪೆನ್ನನ್ನೂ ನಿಂಗರಾಜನ ಮುಂದೆ ಹಿಡಿದರು.

ಅವನು ಸುತ್ತ ನೋಡಿದ. ಸುತ್ತಲೂ ಇದ್ದದ್ದು ಅವನಿಗೆ ನಾಲ್ಕು ದಿನದಲ್ಲಿ ಬೇಕಾಗಿದ್ದ ಮತಗಳು. ಬಾಗಿಲ ಚೌಕಟ್ಟಿಗೆ ಕಾಗದ ಇಟ್ಟುಕೊಂಡು ಸಹಿ ಹಾಕಿದ.

ಕೆಂಪಕ್ಕ ನನ್ನ ತೋಳಿನ ಮೇಲೆ ಭಾರ ಬಿಟ್ಟು ಮುಂದೆ ಬಂದಳು.

“ನಮಗೂ ಮೂರು ವರ್ಷ ಹಿಂಗೇ ಕೈಗೆ ತಂದು ಕೊಟ್ಟಿದ್ರೆ ಈ ಮನುಷ್ಯನ ಕೆಲಸ ಉಳೀತಿತ್ತಲ್ಲಪ್ಪ ನಿಂಗರಾಜ” ಎಂದಳು. “ನಿನ್ನ ಕುರ್ಚಿನೂ ಉಳೀತಿತ್ತೇನೋ.”